ಪದ್ಮಿನಿಯ ಎಂಜಿನೂ ಬಿಚ್ಚುವವನ ಕೈಯೂ

2003ನೆಯ ಇಸವಿ ಅಕ್ಟೋಬರ್ 29ರಂದು ಮುಂಬಯಿಯ ತಾರ್‌ದೇವ್ ಸಾರಿಗೆ ಕಚೇರಿಯಲ್ಲಿ ಒಂದು ಕಪ್ಪು-ಹಳದಿ ಟ್ಯಾಕ್ಸಿ ನೋಂದಣಿಯಾಯಿತು. ಪ್ರೀಮಿಯರ್ ಪದ್ಮಿನಿ ಕುಲದ ಟ್ಯಾಕ್ಸಿಗಳಲ್ಲಿ ಅದೇ ಕಟ್ಟಕಡೆಯದು. ನಗರದ ಟ್ಯಾಕ್ಸಿಗಳಿಗೆ ವಿಧಿಸಲಾದ ಇಪ್ಪತ್ತು ವರ್ಷಗಳ ಆಯುರ್ಮಿತಿ ತೀರಿದೊಡನೆ, 2023ರ ಅಕ್ಟೋಬರ್ ಕೊನೆಯಲ್ಲಿ ಅದೂ ಬೀದಿಯಿಂದ ಮರೆಯಾಯಿತು. ಬೈಕುಲ್ಲಾ ನಿಲ್ದಾಣದ ಹೊರಗೆ ಸಾಲಾಗಿ ನಿಂತು, ಊರಿನಿಂದ ಬಂದವರ ಟ್ರಂಕು, ಹಲಸಿನ ಹಣ್ಣು, ಹಪ್ಪಳದ ಡಬ್ಬಿಗಳನ್ನು ತಲೆಯ ಮೇಲಿನ ಕ್ಯಾರಿಯರಿನಲ್ಲಿ ಹೊತ್ತ ಆ ಗಾಡಿಗಳನ್ನು ಕಾಣದ ಮುಂಬಯಿ ಕನ್ನಡಿಗರು ಹಳೆಯ ತಲೆಮಾರಿನಲ್ಲಿ ಇರಲಾರರು.

ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯ ಕುರ್ಲಾ ಕಾರ್ಖಾನೆಯಲ್ಲಿ, ಇಟಲಿಯ ಫಿಯಟ್ ಕಂಪನಿಯ ಪರವಾನಗಿಯ ಮೇರೆಗೆ ಸಿದ್ಧವಾದ ಈ ಕಾರು 1964ರಲ್ಲಿ ಫಿಯಟ್ 1100 ಡಿಲೈಟ್ ಎಂದೂ, 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ, 1974ರಿಂದ ಪದ್ಮಿನಿ ಎಂದೂ ಹೆಸರು ಪಡೆಯಿತು. ಹೆಸರು ಎಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಅದು 'ಫಿಯಟ್' ಆಗಿಯೇ ಉಳಿಯಿತು. ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದ ಆ ಕಾಲದಲ್ಲಿ ಮನೆಗೆ ಬಂದ ಕಾರನ್ನು ಮಾರಲು ಮನಸ್ಸಾಗದೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಬಿಟ್ಟುಹೋದವರು ಹಲವರು. ಟ್ಯಾಕ್ಸಿಗಳು ಮಾಯವಾದರೂ ಖಾಸಗಿಯವರ ಪದ್ಮಿನಿಗಳು ಅಲ್ಲಲ್ಲಿ ಇನ್ನೂ ಉಸಿರಾಡುತ್ತಿವೆ. ಅಂಥ ಒಂದು ಕಾರಿನ ಎಂಜಿನು ನೀಲಿ ಹೊಗೆಯುಗುಳಲು ತೊಡಗಿದಾಗ, ಅದನ್ನು ಮನೆಯಂಗಳದಲ್ಲೇ ತಾನೇ ಬಿಚ್ಚಿ ಕಟ್ಟಬೇಕೆಂಬ ಆಸೆ ಮನೆಯ ತರುಣನೊಬ್ಬನಿಗೆ ಹುಟ್ಟುವುದು ಸಹಜ. ಪೇಟೆಯಲ್ಲಿ ಈ ಎಂಜಿನನ್ನು ಬಲ್ಲ ಹಳೆಯ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಅದು ಕೇವಲ ಹವ್ಯಾಸದ ಮಾತಾಗಿಯೂ ಉಳಿದಿಲ್ಲ.

ಬೈಕುಲ್ಲಾಕ್ಕೆ ಈ ಆಸೆ ಹೊಸತಲ್ಲ. ಇಂದು ಮಾಟುಂಗಾದಲ್ಲಿರುವ ವಿ.ಜೆ.ಟಿ.ಐ. ತಾಂತ್ರಿಕ ಸಂಸ್ಥೆಯು 1887ರಲ್ಲಿ ಆರಂಭವಾದದ್ದು ಬೈಕುಲ್ಲಾದಲ್ಲೇ. 1923ರವರೆಗೂ ಅಲ್ಲೇ ಇತ್ತು. ಸುತ್ತಲೂ ಗಿರಣಿಗಳು, ದಕ್ಷಿಣಕ್ಕೆ ನಡೆದರೆ ಹಳೆಯ ಬಿಡಿಭಾಗಗಳ ಚೋರ್ ಬಜಾರು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಕಡೆಯ ಹುಡುಗರಲ್ಲಿ ಹೋಟೆಲಿನ ಕಪ್ಪುಬಸಿ ಹಿಡಿದವರಂತೆ ಗ್ಯಾರೇಜಿನ ಸ್ಪ್ಯಾನರು ಹಿಡಿದವರೂ ಇದ್ದರು. ಅವರು ಕಲಿತ ವಿದ್ಯೆಯಲ್ಲಿ ಯಂತ್ರವನ್ನು ಕಾಪಾಡುವ ಪಾಠ ಭರ್ತಿಯಾಗಿತ್ತು. ತಮ್ಮ ಚರ್ಮ, ಶ್ವಾಸಕೋಶಗಳನ್ನು ಕಾಪಾಡಿಕೊಳ್ಳುವ ಪಾಠವನ್ನು ಯಾರೂ ಹೇಳಿಕೊಡಲಿಲ್ಲ. ಮೊದಲ ಸಲ ಎಂಜಿನು ಬಿಚ್ಚುವವನು ಎರಡನ್ನೂ ಒಟ್ಟಿಗೆ ಕಲಿಯುವುದು ಲೇಸು.

ಪದ್ಮಿನಿಯ ಎಂಜಿನು ಸರಳವಾದದ್ದು. ನಾಲ್ಕು ಸಿಲಿಂಡರು; ಒಂದೊಂದರ ವ್ಯಾಸ 68 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು; ಒಟ್ಟು ಗಾತ್ರ 1089 ಘನ ಸೆಂಟಿಮೀಟರು. ಕೆಳಗೆ ಎರಕದ ಕಬ್ಬಿಣದ ಬ್ಲಾಕು, ಮೇಲೆ ಅಲ್ಯುಮಿನಿಯಮ್ಮಿನ ಹೆಡ್ಡು. ಆದರೆ ಬಿಚ್ಚುವ ಮುನ್ನ ಬಿಚ್ಚುವ ಅಗತ್ಯವುಂಟೇ ಎಂದು ನೋಡಬೇಕು. ವೈದ್ಯನು ನಾಡಿ ಹಿಡಿಯದೆ ಚೂರಿ ಹಿಡಿಯುವುದಿಲ್ಲವಷ್ಟೆ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯಬೇಕು. ಒಂದರಲ್ಲಿ ಒತ್ತಡ ಕುಂದಿದ್ದರೆ ಅದರೊಳಕ್ಕೆ ಒಂದು ಚಮಚ ಎಂಜಿನ್ ಎಣ್ಣೆ ಸುರಿದು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ಪಿಸ್ಟನ್ ರಿಂಗುಗಳಲ್ಲಿ ಅಥವಾ ಸಿಲಿಂಡರಿನ ಗೋಡೆಯಲ್ಲಿದೆ. ಏರದಿದ್ದರೆ ಕವಾಟಗಳಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ ಇದೆ. ಹೆಡ್ಡಿನ ರಿಪೇರಿಯಿಂದಲೇ ಮುಗಿಯಬಹುದಾದ ಕೆಲಸಕ್ಕೆ ಇಡೀ ಎಂಜಿನನ್ನು ಹರವಿಕೊಂಡು ಮಳೆಗಾಲದವರೆಗೆ ಮರುಗಿದವರ ಕಥೆಗಳು ಪ್ರತಿ ಗ್ಯಾರೇಜಿನಲ್ಲೂ ಇವೆ.

ಎಂಜಿನು ಪೂರ್ತಿ ತಣ್ಣಗಾಗದೆ ಹೆಡ್ಡಿಗೆ ಕೈ ಹಾಕಬಾರದು. ಬಿಸಿಯಾದ ಅಲ್ಯುಮಿನಿಯಮ್ಮು ಸಡಿಲಿಸುವಾಗಲೇ ಸೊಟ್ಟಗಾಗುತ್ತದೆ. ನಟ್ಟುಗಳನ್ನು ತುದಿಗಳಿಂದ ನಡುವಿಗೆ, ಸುತ್ತು ಸುತ್ತಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಬಿಗಿಯುವಾಗ ನಡುವಿನಿಂದ ತುದಿಗಳಿಗೆ. ಹೊರಬಂದ ಪ್ರತಿಯೊಂದು ಪುಶ್‌ರಾಡು, ಪಿಸ್ಟನ್ನು, ಬೇರಿಂಗ್ ಕ್ಯಾಪುಗಳಿಗೆ ಅದರದರ ಸ್ಥಾನದ ಸಂಖ್ಯೆ ಬರೆದಿಡಬೇಕು. ಬೇರಿಂಗ್ ಕ್ಯಾಪುಗಳು ಜೋಡಿಯಾಗಿಯೇ ಕೊರೆಯಲ್ಪಟ್ಟವು; ಒಂದರ ಜಾಗಕ್ಕೆ ಇನ್ನೊಂದು ಸಲ್ಲದು, ತಿರುಗಿಸಿ ಕೂರಿಸಿದರೂ ಸಲ್ಲದು. ಅಂಗಡಿಯ ಮಿಠಾಯಿ ಡಬ್ಬಿಗಳೂ ಹಳೆಯ ಪಂಚಾಂಗದ ಹಾಳೆಗಳೂ ಇಲ್ಲಿ ದುಬಾರಿ ಉಪಕರಣಕ್ಕಿಂತ ಹೆಚ್ಚಿನ ಕೆಲಸಕ್ಕೆ ಬರುತ್ತವೆ.

ಸಿಲಿಂಡರಿನ ಮೇಲಂಚಿನ ಒಳಗೆ ಉಗುರನ್ನು ಓಡಿಸಿದರೆ ಒಂದು ಏಣು ತಗುಲುತ್ತದೆ. ರಿಂಗುಗಳು ತಲುಪದ ಮೇಲಿನ ಗೋಡೆ ಹಾಗೇ ಉಳಿದು, ಕೆಳಗಿನದು ಲಕ್ಷಾಂತರ ಸಲ ಉಜ್ಜಿ ಸವೆದುದರ ಗುರುತು ಅದು. ಸವೆತ ಎಲ್ಲ ಕಡೆಗೂ ಸಮನಾಗಿರದೆ ಸಿಲಿಂಡರು ಅಂಡಾಕಾರಕ್ಕೆ ತಿರುಗಿರುತ್ತದೆ. ಆದ್ದರಿಂದ ಮೇಲೆ, ನಡುವೆ, ಕೆಳಗೆ, ಒಂದಕ್ಕೊಂದು ಅಡ್ಡವಾಗಿ ಎರಡೆರಡು ಸಲ ಅಳೆಯಬೇಕು. ಹೊಸ ಪಿಸ್ಟನ್ನುಗಳನ್ನು ಮೊದಲು ಕೊಂಡು ಆಮೇಲೆ ಅಳತೆ ನೋಡುವುದೇ ಹೊಸಬರು ಮಾಡುವ ಅತಿ ದೊಡ್ಡ ತಪ್ಪು. ಬ್ಲಾಕನ್ನು ಬೋರಿಂಗ್ ಯಂತ್ರವಿರುವ ವರ್ಕ್‌ಶಾಪಿಗೆ ಒಯ್ದು ಗೋಡೆಯನ್ನು ತುಸು ಹಿಗ್ಗಿಸಿ, ಅದಕ್ಕೆ ಒಪ್ಪುವ ದೊಡ್ಡ ಅಳತೆಯ ಪಿಸ್ಟನ್ನುಗಳನ್ನು ಕೂರಿಸಬಹುದು. ಕ್ರ್ಯಾಂಕ್‌ಶಾಫ್ಟನ್ನೂ ಹಾಗೆಯೇ ಸಾಣೆ ಹಿಡಿಸಬಹುದು. ಮನೆಯಲ್ಲಿ ಮಾಡಲಾಗದ ಕೆಲಸಗಳು ಈ ಎರಡೇ.

ಎಲ್ಲ ಎಂಜಿನುಗಳಿಗೂ ಈ ಭಾಗ್ಯವಿಲ್ಲ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ರೂಪಿಸಿದ ರೋಟರಿ ಎಂಜಿನಿನಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ನಿಲ್ಲ, ಕವಾಟಗಳೂ ಇಲ್ಲ. ಉಬ್ಬಿದ ಮೂರು ಬದಿಗಳ ರೋಟರು ಗೂಡಿನೊಳಗೆ ಸುತ್ತುತ್ತದೆ. 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರಿನಲ್ಲಿ ಅದನ್ನು ಹೊರತಂದ ಜಪಾನಿನ ಮಾಜ್ದಾ ತಂತ್ರಜ್ಞರು, ರೋಟರಿನ ಮೂಲೆಯ ಸೀಲುಗಳು ಗೂಡಿನ ಒಳಮೈಯನ್ನು ಗೀರುತ್ತಿದ್ದ ಗುರುತುಗಳನ್ನು 'ಸೈತಾನನ ಉಗುರಿನ ಗೀರು' ಎಂದು ಕರೆದು ವರ್ಷಗಳ ಕಾಲ ಅದರೊಡನೆ ಸೆಣಸಿದರು. ಹೊರದೇಶಗಳಲ್ಲಿ ಹವ್ಯಾಸಿಗಳು ಆ ಎಂಜಿನನ್ನೂ ಮನೆಯಲ್ಲಿ ಬಿಚ್ಚಿ ಕಟ್ಟುತ್ತಾರೆ, ಬಿಡಿಭಾಗಗಳೂ ಕಡಿಮೆ. ಆದರೆ ಗೂಡಿನ ಒಳಮೈಯ ಕ್ರೋಮಿನ ಲೇಪ ಸುಲಿದರೆ ಓಣಿಯ ಬೋರಿಂಗಿನಿಂದ ಅದು ಸರಿಹೋಗದು, ಬೇರೆ ಗೂಡನ್ನೇ ತರಬೇಕಾಗುತ್ತದೆ. ಎರಕದ ಕಬ್ಬಿಣದ ಹಳೆಯ ಬ್ಲಾಕು ಬಡವರ ಬಂಧು.

ಇನ್ನು ಕೈಯ ಮಾತು. ಬಳಸಿ ಕಪ್ಪಾದ ಎಂಜಿನ್ ಎಣ್ಣೆ ಬರಿಯ ಕೊಳೆಯಲ್ಲ. ಉರಿದ ಇಂಧನದ ಶೇಷಗಳು ಅದರಲ್ಲಿ ಸೇರಿರುತ್ತವೆ. ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ಮ್ಯೂಲ್ ಯಂತ್ರಗಳ ಮೇಲೆ ನೂಲುತ್ತಿದ್ದವರಿಗೆ ವೃಷಣಕೋಶದ ಚರ್ಮದ ಕ್ಯಾನ್ಸರು ಬರುತ್ತಿದ್ದುದನ್ನು ಮ್ಯಾಂಚೆಸ್ಟರಿನ ವೈದ್ಯರಾದ ಸೌತಮ್ ಮತ್ತು ವಿಲ್ಸನ್ 1922ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ವರದಿ ಮಾಡಿದರು. ಯಂತ್ರದಿಂದ ಸಿಡಿದ ಖನಿಜ ತೈಲವು ದಿನವೂ ಚಲ್ಲಣವನ್ನು ನೆನೆಸುತ್ತಿದ್ದುದೇ ಅದಕ್ಕೆ ಕಾರಣವೆಂದು ತಿಳಿದುಬಂತು. ಎಣ್ಣೆ ಒರೆಸಿದ ಬಟ್ಟೆಯ ಚೂರನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಳ್ಳುವ ನಮ್ಮ ಮೆಕ್ಯಾನಿಕರ ಅಭ್ಯಾಸವನ್ನು ನೆನೆದರೆ ಈ ಹಳೆಯ ವರದಿ ಗಿರಣಿಗಳ ಈ ಸೀಮೆಗೆ ಅಷ್ಟು ದೂರದ್ದೆನಿಸದು. ನೈಟ್ರೈಲ್ ಕೈಚೀಲಗಳು ಅಗ್ಗವಾಗಿ ದೊರೆಯುತ್ತವೆ. ಕೆಲಸ ಮುಗಿದ ಮೇಲೆ ಸಾಬೂನು ಮತ್ತು ಬಿಸಿನೀರು ಸಾಕು. ಪೆಟ್ರೋಲಿನಿಂದ ಕೈ ತೊಳೆಯುವುದು ಮಾತ್ರ ಕೂಡದು. ಅದು ಚರ್ಮದ ಜಿಡ್ಡನ್ನು ಹೀರಿ ಬಿರುಕು ಬಿಡಿಸುವುದಲ್ಲದೆ, ಅದರಲ್ಲಿರುವ ಬೆಂಜೀನು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂದು ನಿರ್ವಿವಾದವಾಗಿ ಸ್ಥಾಪಿತವಾಗಿದೆ.

ಹಳೆಯ ಎಂಜಿನಿನಲ್ಲಿ ಇನ್ನೆರಡು ಗುಪ್ತ ಶತ್ರುಗಳುಂಟು. ದೇಶದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತದ್ದು 2000ದಲ್ಲಿ. ಅದಕ್ಕೂ ಮೊದಲು ಓಡಿ, ಒಮ್ಮೆಯೂ ತೆರೆಯದೆ ಉಳಿದ ಎಂಜಿನಿನ ಮಸಿಯಲ್ಲಿ ಸೀಸದ ಅಂಶವಿರುತ್ತದೆ. ಹಳೆಯ ಹೆಡ್ ಗ್ಯಾಸ್ಕೆಟ್ಟಿನಲ್ಲೂ ಕ್ಲಚ್ ಪ್ಲೇಟಿನಲ್ಲೂ ಕಲ್ನಾರು ಇರುತ್ತಿತ್ತು; ಅದರ ಎಳೆಗಳು ಶ್ವಾಸಕೋಶಕ್ಕೆ ಹೊಕ್ಕರೆ ರೋಗ ತಲೆದೋರುವುದು ಎಷ್ಟೋ ಸಲ ಇಪ್ಪತ್ತು, ನಲವತ್ತು ವರ್ಷಗಳ ಮೇಲೆ. ಆದ್ದರಿಂದ ಒಣ ಕೆರೆತ, ತಂತಿಯ ಬ್ರಶ್ಶಿನ ಡ್ರಿಲ್ಲು, ಕ್ಲಚ್ಚಿನ ಧೂಳನ್ನು ಬಾಯಿಂದ ಊದುವುದು ಇವಾವುವೂ ಸಲ್ಲವು. ಸಾಬೂನು ನೀರಿನಿಂದ ನೆನೆಸಿಯೇ ಕೆರೆಯಬೇಕು. ಮುಖಕ್ಕೆ ಕರ್ಚೀಫಲ್ಲ, ಸೂಕ್ಷ್ಮ ಕಣಗಳನ್ನು ತಡೆಯುವ ಮುಖವಾಡ ಕಟ್ಟಬೇಕು. ಕೆಲಸದ ಬಟ್ಟೆಯನ್ನು ಹೊರಗೇ ಕಳಚಿ ಬೇರೆಯಾಗಿ ಒಗೆಯುವುದು ಅಗತ್ಯ. ಚಾಳಿನ ಒಂದೇ ಕೋಣೆಯಲ್ಲಿ, ಅದೇ ಅಂಗಿಯ ಮೇಲೆ ಒರಗುವ ಮಗುವಿನ ಮಿದುಳಿಗೆ ಅತ್ಯಲ್ಪ ಸೀಸವೂ ಹಾನಿಕರ.

ಟ್ಯಾಂಕಿನ ಪೆಟ್ರೋಲನ್ನು ನಳಿಕೆಯಿಂದ ಬಾಯಲ್ಲಿ ಎಳೆಯುವುದು ಗ್ಯಾರೇಜುಗಳ ಇನ್ನೊಂದು ಪರಂಪರೆ. ಒಂದು ಗುಟುಕು ಶ್ವಾಸನಾಳಕ್ಕೆ ಜಾರಿದರೂ ಶ್ವಾಸಕೋಶ ಉರಿಯೂತಕ್ಕೊಳಗಾಗುತ್ತದೆ. ಹಾಗಾದಾಗ ವಾಂತಿ ಮಾಡಿಸುವುದು ದೊಡ್ಡ ಪ್ರಮಾದ, ಏಕೆಂದರೆ ಹೊಟ್ಟೆಯಲ್ಲಿದ್ದದ್ದು ಮತ್ತೆ ಎದೆಗಿಳಿಯುತ್ತದೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಿಡಿಭಾಗ ತೊಳೆಯಲು ತಂದ ಸೀಮೆಎಣ್ಣೆಯನ್ನು ನೀರಿನ ಬಾಟಲಿಯಲ್ಲಿಟ್ಟು, ಬಾಯಾರಿದ ಮಗು ಕುಡಿದ ಪ್ರಸಂಗಗಳು ನಮ್ಮ ದೇಶದ ಮಕ್ಕಳ ವೈದ್ಯರಿಗೆ ಸುಪರಿಚಿತ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ಕೆಳಮಹಡಿಯ ಸ್ಟವ್ವನ್ನೋ ದೇವರ ದೀಪವನ್ನೋ ತಲುಪಬಲ್ಲದು. 1902ರಲ್ಲಿ ಸ್ಥಾಪಿತವಾದ ಬೈಕುಲ್ಲಾದ ಮಸೀನಾ ಆಸ್ಪತ್ರೆ ಸುಟ್ಟಗಾಯಗಳ ಚಿಕಿತ್ಸೆಗೆ ಹೆಸರಾದದ್ದು. ಅಲ್ಲಿಗೆ ಹೋಗುವ ದಾರಿ ಹತ್ತಿರವೆಂದು ಯಾರೂ ನಿಶ್ಚಿಂತರಾಗಿರಲಾಗದು.

ಜೋಡಣೆಯಲ್ಲಿ ಅವಸರವೇ ವೈರಿ. ಬ್ಲಾಕಿನ ಎಣ್ಣೆಯ ದಾರಿಗಳನ್ನು ಶುಚಿಗೊಳಿಸಿ, ಪ್ರತಿ ಬೇರಿಂಗಿಗೂ ಶುದ್ಧ ಎಣ್ಣೆ ಸವರಿ, ಒಂದೊಂದು ಕ್ಯಾಪನ್ನು ಟಾರ್ಕ್ ಸ್ಪ್ಯಾನರಿನಿಂದ ಬಿಗಿದ ಮೇಲೂ ಕ್ರ್ಯಾಂಕ್‌ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ನಿನ್ನೆ ಹಗುರಾಗಿ ತಿರುಗಿದ್ದು ಇಂದು ಬಿಗಿಯಾದರೆ ತಪ್ಪು ಕಡೆಯ ಕ್ಯಾಪಿನಲ್ಲೇ ಇದೆ ಎಂದು ತಿಳಿಯುತ್ತದೆ. ಎಲ್ಲವನ್ನೂ ಬಿಗಿದು ಕೊನೆಗೊಮ್ಮೆ ತಿರುಗಿಸಿದವನಿಗೆ ಆ ಸುಳಿವು ಸಿಗದು. ರಿಂಗುಗಳ ಬಾಯಿಗಳು ಒಂದರ ನೇರಕ್ಕೆ ಒಂದು ಬರಬಾರದು. ಕಿಡಿಯ ಕ್ರಮ 1-3-4-2. ಎಂಜಿನನ್ನು ಕಾರಿಗೆ ಇಳಿಸುವಾಗ ಸರಪಳಿ-ಕಪ್ಪಿ ಬಾಡಿಗೆಗೆ ತರಬೇಕು; ನಾಲ್ವರು ಗೆಳೆಯರ ಸೊಂಟಕ್ಕಿಂತ ಅದು ಅಗ್ಗ.

ಮೊದಲ ಚಾಲನೆ ಬಯಲಲ್ಲೇ ಆಗಬೇಕು, ಮುಚ್ಚಿದ ಶೆಡ್ಡಿನೊಳಗಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಲದಿಂದ ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ ಕಂಡರೆ ಕಾರನ್ನು ಬಿಟ್ಟು ಗಾಳಿಗೆ ಬರುವುದೇ ಮೊದಲ ಚಿಕಿತ್ಸೆ. ಪ್ಲಗ್ಗುಗಳನ್ನು ಹಾಕುವ ಮುಂಚೆ ಸ್ಟಾರ್ಟರಿನಿಂದ ಎಂಜಿನನ್ನು ತಿರುಗಿಸುತ್ತ, ಎಣ್ಣೆಯ ಒತ್ತಡದ ಕೆಂಪು ದೀಪ ನಂದುವುದನ್ನು ಕಾಯಬೇಕು. ದೀಪ ನಂದಿತೆಂದರೆ ಎಣ್ಣೆ ಬೇರಿಂಗುಗಳಿಗೆ ತಲುಪಿತೆಂದು ಅರ್ಥ. ಆಮೇಲೆ ಪ್ಲಗ್ಗು ಹಾಕಿ ಕೀಲಿ ತಿರುಗಿಸಬಹುದು. ಮೊದಲ ಐನೂರು ಕಿಲೋಮೀಟರು ಎಂಜಿನನ್ನು ದಣಿಸದೆ, ರಾಣಿಬಾಗಿನ ಸುತ್ತಮುತ್ತ, ಮುಂಜಾನೆಯ ಖಾಲಿ ರಸ್ತೆಗಳಲ್ಲಿ ಓಡಿಸಿ, ಎಣ್ಣೆ ಬದಲಿಸಿ, ತಣ್ಣಗಿರುವಾಗ ಹೆಡ್ಡಿನ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಖಂಡಾಲಾ ಘಾಟು ಹತ್ತಿ ಊರಿನ ದಾರಿ ಹಿಡಿಯುವುದು ಅದಾದ ಮೇಲಿನ ಮಾತು.