ನಮ್ಮ ಬದುಕಿನ ಕಥೆ ನಾವೇ ಹೇಳೋಣ



"ನನ್ನ ಬದುಕಲ್ಲಿ ಹೇಳೋಕೆ ಏನಿದೆ?" ಅಂತ ನಮ್ಮಲ್ಲಿ ಹಲವರು ಕೇಳುತ್ತಾರೆ. ಬಂಗಾಳದ ಬೇಬಿ ಹಾಲ್ದಾರ್ ಅವರನ್ನು ನೋಡಿ. ಬಾಲ್ಯದಲ್ಲೇ ಮದುವೆ, ಗಂಡನ ಹೊಡೆತ. ಮೂವರು ಮಕ್ಕಳೊಂದಿಗೆ ದೆಹಲಿ ಕಡೆಗೆ ಬಂದು ಮನೆಗೆಲಸಕ್ಕೆ ಸೇರಿದರು. ಆ ಮನೆಯ ನಿವೃತ್ತ ಪ್ರಾಧ್ಯಾಪಕ ಪ್ರಬೋಧ್ ಕುಮಾರ್ ನೋಟ್‌ಬುಕ್, ಪೆನ್ನು ಕೊಟ್ಟು ಬರೆಯಲು ಹುರಿದುಂಬಿಸಿದರು. ಕೆಲಸ ಮುಗಿಸಿ ಬರೆದ ಆ ಜೀವನಕಥೆ 2002ರಲ್ಲಿ 'ಆಲೋ ಆಂಧಾರಿ' ಎಂಬ ಹಿಂದಿ ಪುಸ್ತಕವಾಗಿ ಬಂತು.

ಕಷ್ಟವನ್ನು ಮನಸ್ಸಲ್ಲೇ ಇಟ್ಟುಕೊಂಡರೆ ಎಲ್ಲ ಹಣೆಬರಹ ಅನಿಸುತ್ತೆ. ಮೊದಲಿಂದ ಹೇಳುತ್ತಾ ಹೋದರೆ, ಅಂದು ಧೈರ್ಯ ಮಾಡಿದ್ದೂ ನಾನೇ ಎಂಬುದು ಕಾಣಿಸುತ್ತೆ.

ಸಂಘದಲ್ಲಿ ಹೀಗೆ ಮಾಡಬಹುದು:

ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಒಬ್ಬರು ರಂಗೋಲಿ ಪುಡಿಯಲ್ಲಿ ತಮ್ಮ ಬದುಕನ್ನು ಹೊಳೆಯಂತೆ ಬಿಡಿಸಲಿ. ಕಷ್ಟ ಬಂದಲ್ಲಿ ಕಲ್ಲು, ಆಸರೆ ಸಿಕ್ಕಲ್ಲಿ ಹಸಿರೆಲೆ ಇಡಲಿ. ಓದು ಬರಹ ಬಾರದಿದ್ದರೂ ಚಿಂತೆಯಿಲ್ಲ. ಒಂದೊಂದನ್ನೇ ತೋರಿಸಿ ಹೇಳಲಿ.

ಉಳಿದವರು ಸುಮ್ಮನೆ ಕೇಳಿ. ಬುದ್ಧಿವಾದ ಬೇಡ. ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ. ಕೇಳಿದ ಮಾತು ಸಂಘದಿಂದ ಹೊರಗೆ ಹೋಗಬಾರದು. ಒಬ್ಬಳ ಗುಟ್ಟು ಬೀದಿಗೆ ಬಿದ್ದರೆ ಮತ್ತೆ ಯಾರೂ ಬಾಯಿ ಬಿಡೋದಿಲ್ಲ.