ಎರಡು ಸಲ ಫೇಲಾದ ಹಾಡು

ಮೂರನೇ ಸೆಮಿಸ್ಟರ್‌ನ ಮ್ಯಾಥ್ಸ್ ಎರಡನೇ ಸಲವೂ ಕೈಕೊಟ್ಟ ರಾತ್ರಿ ಅದು. ರಿಸಲ್ಟ್ ಪೇಜನ್ನು ಎಷ್ಟು ಸಲ ರಿಫ್ರೆಶ್ ಮಾಡಿದರೂ 'ಎಫ್' ಅಲ್ಲೇ ಕೂತಿತ್ತು. ಮನೆಗೆ ಫೋನ್ ಮಾಡುವ ಧೈರ್ಯವಿಲ್ಲದೆ ಹಾಸ್ಟೆಲ್ ಟೆರೇಸಿನಲ್ಲಿ ಕೂತಿದ್ದೆ. ರೂಂಮೇಟ್ ಬಂದು ಏನೂ ಕೇಳದೆ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟ. ರೀಲ್ಸ್‌ನಲ್ಲಿ ಕೇಳಿ ಗೊತ್ತಿದ್ದ ಟ್ಯೂನ್: 'ಟೇಕ್ ಆನ್ ಮಿ'.

"ಮಗಾ, ಇದು ಎರಡು ಸಲ ಫೇಲಾದ ಹಾಡು ಕಣೋ" ಅಂದ.

ನಂಬಲಿಲ್ಲ. ಹುಡುಕಿ ಓದಿದೆ. ನಿಜ!

ಎ-ಹಾ ನಾರ್ವೆಯ ನ್ಯೂ ವೇವ್ ಬ್ಯಾಂಡ್. ಮಾರ್ಟನ್ ಹಾರ್ಕೆಟ್, ಮಾಗ್ನೆ ಫುರುಹೋಲ್ಮೆನ್, ಪಾಲ್ ವಾಕ್ಟಾರ್ ಎಂಬ ಮೂವರು ಹುಡುಗರು ಅವಕಾಶ ಹುಡುಕಿಕೊಂಡು ಲಂಡನ್‌ಗೆ ಹೋದವರು. 1984ರಲ್ಲಿ ಈ ಹಾಡನ್ನು ಸಿಂಗಲ್ ಆಗಿ ಬಿಟ್ಟರು. ಬ್ರಿಟನ್‌ನಲ್ಲಿ ಯಾರೂ ಕೇಳಲಿಲ್ಲ. ಅಲನ್ ಟಾರ್ನಿ ಎಂಬ ನಿರ್ಮಾಪಕರ ಜೊತೆ ಮತ್ತೆ ರೆಕಾರ್ಡ್ ಮಾಡಿ 1985ರಲ್ಲಿ ಬಿಟ್ಟರು. ಆಗಲೂ ಅಷ್ಟೇ.

ಮೂರನೇ ಸಲ ಹೊಸ ವಿಡಿಯೊ ಮಾಡಿಸಿದರು. ನಿರ್ದೇಶಕ ಸ್ಟೀವ್ ಬ್ಯಾರನ್. ಕೆಫೆಯಲ್ಲಿ ಕೂತ ಹುಡುಗಿಯನ್ನು ಪೆನ್ಸಿಲ್ ಚಿತ್ರದ ಕೈಯೊಂದು ಕಾಮಿಕ್ಸ್ ಪುಟದೊಳಕ್ಕೆ ಎಳೆದುಕೊಳ್ಳುತ್ತದಲ್ಲ, ಅದೇ. ಶೂಟ್ ಮಾಡಿದ ದೃಶ್ಯಗಳ ಮೇಲೆ ಸುಮಾರು 3,000 ಫ್ರೇಮ್‌ಗಳನ್ನು ಕೈಯಲ್ಲೇ ಬಿಡಿಸಿದರು. ಅದಕ್ಕೇ ಸುಮಾರು 16 ವಾರ ಹಿಡಿಯಿತು. 1985ರ ಅಕ್ಟೋಬರಿನಲ್ಲಿ ಹಾಡು ಅಮೆರಿಕದಲ್ಲಿ ನಂಬರ್ 1, ಬ್ರಿಟನ್‌ನಲ್ಲಿ ನಂಬರ್ 2. 'ಹಂಟಿಂಗ್ ಹೈ ಆ್ಯಂಡ್ ಲೋ' ಆಲ್ಬಂ ಮನೆಮಾತಾಯಿತು. ಅದರದ್ದೇ ಇನ್ನೊಂದು ಸಿಂಗಲ್ 'ದಿ ಸನ್ ಆಲ್ವೇಸ್ ಶೈನ್ಸ್ ಆನ್ ಟಿವಿ' 1986ರ ಜನವರಿಯಲ್ಲಿ ಬ್ರಿಟನ್‌ನ ನಂಬರ್ 1 ಪಟ್ಟಕ್ಕೂ ಏರಿತು.

'ಮರಳಿ ಯತ್ನವ ಮಾಡು' ಅಂತ ಎಲ್ಲರೂ ಹೇಳುತ್ತಾರೆ. ನಾನೂ ಮಾಡಿದ್ದೆ. ಆದರೆ ಎರಡೂ ಸಲ ಓದಿದ ರೀತಿ ಒಂದೇ. ಪರೀಕ್ಷೆಗೆ ವಾರವಿದ್ದಾಗ ಯೂಟ್ಯೂಬ್‌ನಲ್ಲಿ ಬೇರೆಯವರು ಲೆಕ್ಕ ಬಿಡಿಸುವುದನ್ನು ನೋಡಿ 'ಅರ್ಥ ಆಯ್ತು' ಅಂದುಕೊಳ್ಳುವುದು, ಫೋರಿಯರ್ ಸೀರೀಸ್ ಪಾಠವನ್ನು ಪೂರ್ತಿ ಬಿಟ್ಟುಬಿಡುವುದು. ಆ ಮೂವರು ಹಾಗೆ ಮಾಡಲಿಲ್ಲ. ಟ್ಯೂನ್ ಮೇಲಿನ ನಂಬಿಕೆ ಬಿಡಲಿಲ್ಲ, ಉಳಿದದ್ದನ್ನು ಬದಲಾಯಿಸುತ್ತಾ ಹೋದರು.

ಇನ್ನೊಂದು ತಮಾಷೆ ಕೇಳಿ. ಆ ಹಾಡಿನಲ್ಲಿ ರೋಲೆಂಡ್ ಜೂನೊ-60 ಎಂಬ ಸಿಂಥಸೈಜರ್ ಇದೆ. ಅದರ ದನಿ ಹುಟ್ಟುವುದು ಗರಗಸದ ಹಲ್ಲಿನಂಥ 'ಸಾಟೂತ್' ಅಲೆ, ಪಲ್ಸ್ ಅಲೆಗಳಿಂದ. ಅದೇ ಸಾಟೂತ್ ಅಲೆಯನ್ನು ಸೈನ್ ಅಲೆಗಳ ಮೊತ್ತವಾಗಿ ಬಿಡಿಸುವುದೇ ನಾನು ಬಿಟ್ಟಿದ್ದ ಪಾಠ! ಇಷ್ಟಪಟ್ಟು ಕೇಳುತ್ತಿದ್ದದ್ದಕ್ಕೇ ಹೆದರಿ ಓಡಿದ್ದೆ.

ಮರುದಿನ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಆ ಕಡೆ ಮಾತಿರಲಿಲ್ಲ. ಆಮೇಲೆ, "ಸರಿ, ಈ ಸಲ ಬೇರೆ ಏನ್ ಮಾಡ್ತೀಯಾ?" ಅಂದರು.

ದಿನಕ್ಕೆ ಐದು ಲೆಕ್ಕ, ಮೊಬೈಲ್ ಪಕ್ಕಕ್ಕಿಟ್ಟು, ಗಡಿಯಾರ ಎದುರಿಗಿಟ್ಟು, ಪೆನ್ನು ಹಿಡಿದು. ಫೋರಿಯರ್ ಸೀರೀಸ್‌ನಿಂದಲೇ ಶುರು. ಹಾಗಂತ ಹೇಳಿದೆ.

ಪರೀಕ್ಷೆಗೆ ಇನ್ನು ಹನ್ನೊಂದು ದಿನ. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಅಪ್ಪನ ಪ್ರಶ್ನೆಗೆ ಉತ್ತರ ನನ್ನ ರಫ್ ಬುಕ್ಕಿನಲ್ಲಿದೆ. ಇವತ್ತಿಗೆ ಎಂಬತ್ತೈದು ಲೆಕ್ಕ.