ಮಲಗಿದ ಸ್ಪಿಂಡಲ್, ನಿಂತ ಸ್ಪಿಂಡಲ್

ಬೆಂಗಳೂರಿನ ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಲೇತ್. ಅದರಲ್ಲಿ ಜಾಬ್, ಅಂದರೆ ಕತ್ತರಿಸಬೇಕಾದ ತುಂಡು, ತಿರುಗುತ್ತದೆ; ಟೂಲ್ ತಿರುಗುವುದಿಲ್ಲ. ಹಾಗಾಗಿ ಅಲ್ಲಿಂದ ಹೊರಬರುವುದು ಬಹುಪಾಲು ದುಂಡನೆಯ ವಸ್ತು. ಚಪ್ಪಟೆ ಮುಖ, ಶಾಫ್ಟಿಗೆ ಕೀವೇ ಎಂಬ ಉದ್ದ ಗೀರು, ಗೇರಿಗೆ ಹಲ್ಲು ಬೇಕೆಂದರೆ ಮಿಲ್ಲಿಂಗ್ ಮಷೀನಿನ ಹತ್ತಿರ ಬರಬೇಕು. ಇಲ್ಲಿ ತಿರುಗುವುದು ಕಟರ್. ಟೇಬಲ್ಲಿಗೆ ಬಿಗಿದ ಜಾಬ್ ಅದರ ಬಾಯಿಗೆ ಮೆಲ್ಲಗೆ ಸರಿಯುತ್ತದೆ.

ಕಟರನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ನೆಟ್ಟಗೆ ನಿಂತಿದ್ದರೆ ವರ್ಟಿಕಲ್, ಅಡ್ಡಲಾಗಿ ಮಲಗಿದ್ದರೆ ಹಾರಿಜಾಂಟಲ್. ವರ್ಟಿಕಲ್‌ನಲ್ಲಿ ಎಂಡ್‌ಮಿಲ್ ಹಾಕಿ ಗುಳಿ ತೆಗೆಯಬಹುದು, ಸ್ಲಾಟ್ ಹೊಡೆಯಬಹುದು; ಕಟರ್ ಎಲ್ಲಿ ಕಚ್ಚುತ್ತಿದೆ ಎಂಬುದು ಕಣ್ಣೆದುರಿಗೇ ಇರುತ್ತದೆ. ಐಟಿಐ ಮುಗಿಸಿ ಬಂದ ಹುಡುಗರಿಗೆ ಅದೇ ಇಷ್ಟ. ಹಾರಿಜಾಂಟಲ್‌ನದು ಬೇರೆಯೇ ಗತ್ತು. ಆರ್ಬರ್ ಎಂಬ ಉದ್ದನೆಯ ಸರಳಿಗೆ ಎರಡು ಮೂರು ಕಟರ್‌ಗಳನ್ನು ಪೋಣಿಸಿ, ಅದರ ತುದಿಗೆ ಮೇಲಿನ ತೋಳಿನಿಂದ ಆಧಾರ ಕೊಟ್ಟರೆ, ಒಂದೇ ಓಟದಲ್ಲಿ ಹಲವು ಮುಖಗಳು ತಯಾರು. ಇದನ್ನು ಹಳೆಯ ಸರಕೆಂದು ಮೂಲೆಗೆ ತಳ್ಳುವುದು ನನಗೆ ಸರಿಕಾಣುವುದಿಲ್ಲ.

1860ರ ದಶಕದ ಆರಂಭದಲ್ಲಿ ಅಮೆರಿಕದ ಜೋಸೆಫ್ ಬ್ರೌನ್ ಯೂನಿವರ್ಸಲ್ ಮಿಲ್ಲಿಂಗ್ ಮಷೀನ್ ಮಾಡಿದ್ದು ಡ್ರಿಲ್ ಬಿಟ್ಟಿನ ಸುರುಳಿ ಗೀರಿಗಾಗಿ. ಅದುವರೆಗೆ ಆ ಗೀರನ್ನು ಕೆಲಸಗಾರರು ಕೈಯಲ್ಲಿ ಅರ ಹಿಡಿದು ಉಜ್ಜುತ್ತಿದ್ದರು! ಬೆಂಗಳೂರಿನ ಕಥೆ ಶುರುವಾಗುವುದು 1953ರಲ್ಲಿ, ಜಾಲಹಳ್ಳಿಯ ಎಚ್‌ಎಂಟಿಯಿಂದ. ಮೊದಲು ಸ್ವಿಸ್ ಸಹಯೋಗದಲ್ಲಿ ಲೇತ್, ಆಮೇಲೆ ಜರ್ಮನಿಯ ಫ್ರಿಟ್ಜ್ ವೆರ್ನರ್ ಜೊತೆ ಮಿಲ್ಲಿಂಗ್. ಅದೇ ಜರ್ಮನ್ ಹೆಸರು ಹೊತ್ತ ಭಾರತ್ ಫ್ರಿಟ್ಜ್ ವೆರ್ನರ್, ಅಂದರೆ ಬಿಎಫ್‌ಡಬ್ಲ್ಯು, 1961ರಲ್ಲಿ ಇಲ್ಲೇ ಹುಟ್ಟಿತು. ಎಚ್‌ಎಂಟಿಯ ಎಫ್‌ಎನ್-2 ಮಷೀನಿನ ಮೇಲೆ ಕೈ ಪಳಗಿಸಿಕೊಂಡವರು ಈ ಊರಿನಲ್ಲಿ ಬಹಳ ಜನ.

ಹಾರಿಜಾಂಟಲ್‌ನ ಸೊಗಸು ತಿಳಿಯಬೇಕಾದರೆ ಗೇರ್ ಕತ್ತರಿಸುವುದನ್ನು ನೋಡಬೇಕು. ಜಾಬನ್ನು ಸಮಪಾಲಾಗಿ ತಿರುಗಿಸಿ ನಿಲ್ಲಿಸುವ ಡಿವೈಡಿಂಗ್ ಹೆಡ್‌ನ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಜಾಬ್ ಒಂದು ಸುತ್ತು. 24 ಹಲ್ಲು ಬೇಕೋ? 40ನ್ನು 24ರಿಂದ ಭಾಗಿಸಿ: ಹಲ್ಲಿಗೊಂದು ಪೂರ್ತಿ ಸುತ್ತು, ಮೇಲೆ ಮೂರರಲ್ಲಿ ಎರಡು ಪಾಲು. ಹಿಡಿಯ ಹಿಂದಿನ ಬಿಲ್ಲೆಯ 24 ತೂತಿನ ವೃತ್ತದಲ್ಲಿ ಆ ಪಾಲು 16 ತೂತು. ಪಿನ್ ಎಳೆ, ತಿರುಗಿಸು, ಕೂರಿಸು, ಲಾಕ್ ಮಾಡು, ಟೇಬಲ್ ಓಡಿಸು. ಗುರಿ ದಾಟಿತೋ, ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬರಬೇಕು. ಇಲ್ಲದಿದ್ದರೆ ಒಳಗಿನ ಹಲ್ಲುಗಳ ಸಡಿಲ ಲೆಕ್ಕ ಕೆಡಿಸುತ್ತದೆ. ನಡುವೆ ಎಲ್ಲೋ ಒಂದು ತೂತು ತಪ್ಪಿ, ಅಲ್ಲಿಂದಲೇ ಎಣಿಕೆ ಮುಂದುವರಿದಿದ್ದರೆ ಕೊನೆಯ ಹಲ್ಲು ದಪ್ಪವಾಗಿಯೋ ಸಣಕಲಾಗಿಯೋ ಎದ್ದು ಕಾಣುತ್ತದೆ. ಗೇರ್ ಗುಜರಿಗೆ.

ಈಗ ಎಲ್ಲೆಡೆ ವಿಎಂಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ವರ್ಟಿಕಲ್ ಮಷೀನ್. ಸಾವಿರ ಪೀಸಿನ ಆರ್ಡರಿಗೆ ಅದೇ ಸರಿ, ವಾದವೇ ಇಲ್ಲ. ಆದರೆ ರಿಪೇರಿಗೆ ಬಂದ ಒಂಟಿ ಶಾಫ್ಟಿಗೆ ಕೀವೇ ಹೊಡೆಯುವಷ್ಟು ಕೆಲಸವನ್ನು ವಿಎಂಸಿಗೆ ಪ್ರೋಗ್ರಾಂ ಬರೆಯುವಷ್ಟರಲ್ಲಿ ನುರಿತ ಕೈ ಹಳೆಯ ಮಷೀನಿನಲ್ಲಿ ಮುಗಿಸಿರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮಾತ್ರ ಹೊಸ ಪೇಂಟಿಗೆ ಮರುಳಾಗಬಾರದು. ಟೇಬಲ್ಲನ್ನು ಈ ತುದಿಯಿಂದ ಆ ತುದಿವರೆಗೆ ಕೈಯಲ್ಲೇ ಓಡಿಸಿ ನೋಡಬೇಕು. ಸವೆತವೆಲ್ಲ ಹೆಚ್ಚು ಓಡಾಡಿದ ನಡುಭಾಗಕ್ಕೇ. ನಡುವೆ ಸಲೀಸು, ತುದಿಗೆ ಬಂದಾಗ ಬಿಗಿ ಎನಿಸಿದರೆ ಧಾರಾಳವಾಗಿ ಚೌಕಾಸಿ ಮಾಡಬಹುದು.